ಪ್ರಾಣಿಗಳ ಫೋಟೋ ಚೆನ್ನಾಗಿ ಬರಬೇಕಾದರೆ: ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ನಾಯಿ, ಬೆಕ್ಕು, ಕಿಟಕಿಯಾಚೆಯ ಅಳಿಲು, ಕೆರೆದಂಡೆಯ ಹಕ್ಕಿ, ಮೃಗಾಲಯದ ಹುಲಿ. ಯಾವುದರ ಫೋಟೋ ತೆಗೆಯಲು ಹೊರಟರೂ ಹೊಸಬರ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾದ ಗುಂಡಿಗಳನ್ನು ಕಲಿಯಲು ಕೆಲವು ದಿನ ಸಾಕು, ಪ್ರಾಣಿಯನ್ನು ನೋಡುವುದನ್ನು ಕಲಿಯಲು ತುಂಬ ಕಾಲ ಬೇಕು. ಕೆಳಗಿನ ಅರ್ಧದಷ್ಟು ಉತ್ತರಗಳು ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ, ಬೇಜಾರು ಮಾಡಿಕೊಳ್ಳಬೇಡಿ.

ಮೊಬೈಲ್‌ನಲ್ಲಿ ಆಗುತ್ತಾ, ಕ್ಯಾಮೆರಾ ಬೇಕೇ ಬೇಕಾ?

ಹತ್ತಿರ ಬರುವ ಪ್ರಾಣಿಗೆ ಮೊಬೈಲ್ ಸಾಕು. ಸಾಕು ನಾಯಿ, ಬೆಕ್ಕು, ದನ, ಕುದುರೆ, ಎಲೆಯ ಮೇಲಿನ ಹುಳು ಇವೆಲ್ಲ ಮೊಬೈಲ್‌ನಲ್ಲೇ ಚೆನ್ನಾಗಿ ಬರುತ್ತವೆ. ಒಂದೇ ಷರತ್ತು, ಬೆರಳಿನಿಂದ ಎಳೆದು ಜೂಮ್ ಮಾಡಬೇಡಿ. ಫೋನಿನಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಬೇರೆಯಾಗಿ ಇದ್ದರೆ ಅದರ ಮಿತಿಯವರೆಗೆ ಸರಿ, ಅದರಾಚೆಗಿನ ಜೂಮ್ ಎಂದರೆ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದು ಅಷ್ಟೇ. ಇನ್ನು ಫೋನಿನ ಪೋರ್ಟ್ರೇಟ್ ಮೋಡ್ ಹಿನ್ನೆಲೆಯನ್ನು ಮಸುಕು ಮಾಡುವುದು ಲೆಕ್ಕಾಚಾರದಿಂದ. ಮನುಷ್ಯರ ಮುಖಕ್ಕೆ ಸರಿಹೋಗುವ ಆ ಲೆಕ್ಕ ಬೆಕ್ಕಿನ ಮೀಸೆಗೆ ಬಂದಾಗ ತಪ್ಪುತ್ತದೆ, ಅರ್ಧ ಮೀಸೆ ಮಾಯ! ಕೂದಲು ಜಾಸ್ತಿ ಇರುವ ಪ್ರಾಣಿಗೆ ಅದನ್ನು ಆಫ್ ಮಾಡಿಯೇ ತೆಗೆಯಿರಿ.

ದೂರದ ಹಕ್ಕಿ, ಓಡುವ ಪ್ರಾಣಿ, ಮುಸ್ಸಂಜೆ ಬೆಳಕು ಎಂದರೆ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ ಬೇಕು.

ಹಾಗಾದರೆ ಯಾವ ಲೆನ್ಸ್?

ಲೆನ್ಸ್‌ನ ಎಂಎಂ ಅಂಕಿ (ಫೋಕಲ್ ಲೆಂತ್) ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಸಾಕುಪ್ರಾಣಿಗೆ 50 ರಿಂದ 135 ಎಂಎಂ ಒಳಗೆ ಯಾವುದಾದರೂ ಆಯಿತು. ಮೃಗಾಲಯಕ್ಕೆ 70-300 ಎಂಎಂ ಹೇಳಿ ಮಾಡಿಸಿದಂತಿದೆ. ಹಕ್ಕಿಗಳಿಗೆ 400 ಎಂಎಂ ಇದ್ದರೆ ಒಳ್ಳೆಯದು, 600 ಇದ್ದರೂ ಸಾಲದು ಎನಿಸುತ್ತದೆ, ಆ ಹಸಿವಿಗೆ ಕೊನೆಯಿಲ್ಲ. ನಿಮ್ಮ ಕ್ಯಾಮೆರಾದ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಹಳೆಯ 35 ಎಂಎಂ ಫಿಲ್ಮ್‌ನಷ್ಟು ದೊಡ್ಡದಾದ ಫುಲ್ ಫ್ರೇಮ್‌ಗಿಂತ ಚಿಕ್ಕದಾದ ಎಪಿಎಸ್-ಸಿ ಆಗಿದ್ದರೆ ಅದೇ ಲೆನ್ಸ್ 1.5 ಅಥವಾ 1.6 ಪಟ್ಟು ಉದ್ದದ ಲೆನ್ಸ್‌ನ ನೋಟ ಕೊಡುತ್ತದೆ, ಅಂದರೆ 300 ಎಂಎಂ ಲೆನ್ಸ್ ಸುಮಾರು 450 ರಂತೆ ಕೆಲಸ ಮಾಡುತ್ತದೆ. ಹಕ್ಕಿ ಹಿಂದೆ ಬಿದ್ದವರಿಗೆ ಇದು ಲಾಭವೇ, ಹಾಗಾಗಿ ಫುಲ್ ಫ್ರೇಮ್ ಇಲ್ಲವೆಂದು ಕೊರಗಬೇಕಾಗಿಲ್ಲ.

ದೊಡ್ಡ ಲೆನ್ಸ್ ಕೊಳ್ಳುವ ಮೊದಲು ಎರಡು ದಿನ ಬಾಡಿಗೆಗೆ ತಂದು ಹೊತ್ತು ನೋಡಿ. ತೂಕ ಅನ್ನೋದು ಜಾಹೀರಾತಿನಲ್ಲಿ ಗೊತ್ತಾಗುವುದಿಲ್ಲ.

ನನ್ನ ಫೋಟೋಗಳೆಲ್ಲ ಬ್ಲರ್ ಆಗುತ್ತವೆ. ಯಾಕೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ, ಇದಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ, ಮೂರಕ್ಕೂ ಮದ್ದು ಬೇರೆ. ಫೋಟೋವನ್ನು ಪೂರ್ತಿ ದೊಡ್ಡದು ಮಾಡಿ ನೋಡಿ. ಪ್ರಾಣಿ, ಹುಲ್ಲು, ಕಲ್ಲು ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ನಿಮ್ಮ ಕೈ ಅಲುಗಾಡಿದೆ. ಹುಲ್ಲು ಚೊಕ್ಕವಾಗಿದ್ದು ನಾಯಿಯ ಕಾಲು ಮಾತ್ರ ಗೀಚಿದಂತಿದ್ದರೆ ನಾಯಿ ಓಡಿದೆ, ಷಟರ್ (ಬೆಳಕನ್ನು ಒಳಬಿಟ್ಟು ಮುಚ್ಚುವ ಬಾಗಿಲು) ನಿಧಾನವಾಗಿದೆ. ನಾಯಿ ಮಸುಕು, ಅದರ ಹಿಂದಿನ ಗಿಡ ಮಾತ್ರ ಸ್ಪಷ್ಟ ಎಂದಾದರೆ ಫೋಕಸ್ ತಪ್ಪಿದೆ.

ಕೈ ಅಲುಗಾಟಕ್ಕೆ ಹಳೆಯ ಲೆಕ್ಕವೊಂದಿದೆ: ಲೆನ್ಸ್ ಎಷ್ಟು ಎಂಎಂ ಇದೆಯೋ ಷಟರ್ ಕನಿಷ್ಠ ಅಷ್ಟರಲ್ಲಿ ಒಂದು ಪಾಲು ಇರಬೇಕು. 400 ಎಂಎಂ ಎಂದರೆ 1/400 ಸೆಕೆಂಡ್. ಲೆನ್ಸ್‌ನಲ್ಲೋ ಕ್ಯಾಮೆರಾದಲ್ಲೋ ಸ್ಟೆಬಿಲೈಸೇಷನ್ (ಅಲುಗಾಟ ತಡೆಯುವ ವ್ಯವಸ್ಥೆ) ಇದ್ದರೆ ಇದಕ್ಕಿಂತ ನಿಧಾನವಾದರೂ ನಡೆಯುತ್ತದೆ. ಆದರೆ ಇಲ್ಲೇ ಎಲ್ಲರೂ ಎಡವುವುದು, ಸ್ಟೆಬಿಲೈಸೇಷನ್ ನಿಲ್ಲಿಸುವುದು ನಿಮ್ಮ ಕೈಯನ್ನು, ಪ್ರಾಣಿಯನ್ನಲ್ಲ. ಸುಮ್ನೆ ಕುಳಿತ ಬೆಕ್ಕಿಗೂ ಕಿವಿ ಅಲುಗುತ್ತದೆ, 1/250 ಇಟ್ಟುಕೊಳ್ಳಿ. ನಡೆಯುವ ಪ್ರಾಣಿಗೆ 1/500, ಓಡುವ ನಾಯಿಗೆ 1/1000 ದಿಂದ ಮೇಲೆ, ಹಾರುವ ಹಕ್ಕಿಗೆ 1/2000, ಪುಟ್ಟ ಹಕ್ಕಿಯಾದರೆ ಇನ್ನೂ ಮೇಲೆ. ಹಕ್ಕಿ ಚಿಕ್ಕದಾದಷ್ಟೂ ರೆಕ್ಕೆ ಬಡಿತ ಜೋರು.

ವೇಗದ ಷಟರ್ ಏನೆಲ್ಲ ತೋರಿಸಬಲ್ಲದು ಎಂಬುದಕ್ಕೆ 1878ರ ಕಥೆಯೊಂದಿದೆ. ಎಡ್ವರ್ಡ್ ಮೈಬ್ರಿಡ್ಜ್ ಎಂಬಾತ ಕ್ಯಾಮೆರಾಗಳನ್ನು ಸಾಲಾಗಿ ಜೋಡಿಸಿ ಓಡುವ ಕುದುರೆಯ ಚಿತ್ರ ತೆಗೆದ. ನಾಲ್ಕೂ ಗೊರಸು ನೆಲ ಬಿಡುವ ಗಳಿಗೆ ಇದೆ ಅನ್ನೋದು ಅದರಿಂದ ಖಾತ್ರಿಯಾಯಿತು. ಮಜಾ ಏನೆಂದರೆ, ಅದುವರೆಗೆ ಚಿತ್ರಕಾರರು ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಚಾಚಿದಂತೆ ಬರೆಯುತ್ತಿದ್ದರು. ಫೋಟೋದಲ್ಲಿ ಕಾಲುಗಳು ಹೊಟ್ಟೆಯಡಿ ಮಡಚಿಕೊಂಡಿದ್ದವು.

ಇವೆಲ್ಲ ಸರಿಯಿದ್ದೂ ಮಸುಕಾದರೆ ಸಮಯ ನೋಡಿ. ಮಧ್ಯಾಹ್ನ ಕಾದ ನೆಲದ ಮೇಲಿನ ಗಾಳಿ ನಡುಗುತ್ತಿರುತ್ತದೆ. ಬಹಳ ದೂರದ ಪ್ರಾಣಿ ಆಗ ನೀರಿನಾಚೆ ಕಂಡಂತೆ ಕಾಣುತ್ತದೆ, ಎಷ್ಟು ದುಬಾರಿ ಲೆನ್ಸ್ ಇದ್ದರೂ ಅಷ್ಟೇ. ಬೆಳಿಗ್ಗೆ ಹೋಗಿ, ಇಲ್ಲವೇ ಹತ್ತಿರದ ಪ್ರಾಣಿ ಹುಡುಕಿ.

ಆಟೋ, ಮ್ಯಾನ್ಯುಯಲ್... ಯಾವ ಮೋಡ್‌ನಲ್ಲಿ ಇಡಲಿ?

ನನ್ನ ಮಟ್ಟಿಗೆ ಮ್ಯಾನ್ಯುಯಲ್ ಜೊತೆಗೆ ಆಟೋ ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಂಕಿ). ಷಟರ್ ಮತ್ತು ಅಪರ್ಚರ್ (ಲೆನ್ಸ್‌ನೊಳಗಿನ ಬೆಳಕಿನ ಕಿಂಡಿ) ನಾವು ಇಡುವುದು, ಬೆಳಕಿನ ಏರುಪೇರನ್ನು ಐಎಸ್ಒ ನೋಡಿಕೊಳ್ಳುತ್ತದೆ. ಪ್ರಾಣಿ ನೆರಳಿನಿಂದ ಬಿಸಿಲಿಗೆ ಓಡಿದಾಗ ನೀವು ಚಕ್ರ ತಿರುಗಿಸುತ್ತಾ ಕೂರಬೇಕಾಗಿಲ್ಲ. ಷಟರ್ ಮಾತ್ರ ನಾವಿಟ್ಟು ಅಪರ್ಚರನ್ನು ಕ್ಯಾಮೆರಾಕ್ಕೆ ಬಿಡುವ ಷಟರ್ ಪ್ರಯಾರಿಟಿಯೂ ಸರಿ. ಆಟೋ ಮಾತ್ರ ಬೇಡ, ನೀವು ತೆಗೆಯುತ್ತಿರುವುದು ಮಲಗಿದ ಹಸುವೋ ಓಡುವ ಮೊಲವೋ ಅನ್ನುವುದು ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ.

ಅಪರ್ಚರ್ ವಿಷಯದಲ್ಲಿ ಒಂದು ಎಚ್ಚರಿಕೆ. ಎಫ್/1.8 ಲೆನ್ಸ್ ಕೊಂಡವರೆಲ್ಲ ಅದನ್ನು ಎಫ್/1.8ರಲ್ಲೇ ಬಳಸುತ್ತಾರೆ. ಉದ್ದ ಮೂತಿಯ ನಾಯಿಯನ್ನು ಹತ್ತಿರದಿಂದ ಹಾಗೆ ತೆಗೆದರೆ ಮೂಗು ಚೊಕ್ಕ, ಕಣ್ಣು ಮಸುಕು. ಎಫ್ ಪಕ್ಕದ ಅಂಕಿ ಹೆಚ್ಚಾದಷ್ಟೂ ಕಿಂಡಿ ಕಿರಿದಾಗಿ, ಸ್ಪಷ್ಟವಾಗಿ ಕಾಣುವ ಆಳ ಜಾಸ್ತಿಯಾಗುತ್ತದೆ. ಎಫ್/4 ಅಥವಾ ಎಫ್/5.6ಕ್ಕೆ ಬನ್ನಿ.

ಐಎಸ್ಒ ಜಾಸ್ತಿಯಾದರೆ ಕಾಳು ಕಾಳು ಬರುತ್ತಲ್ಲ?

ಬರಲಿ ಬಿಡಿ. ಆ ಕಾಳು, ಅಂದರೆ ನಾಯ್ಸ್ ಕಡಿಮೆ ಮಾಡಲು ಇಂದು ಒಳ್ಳೆಯ ಸಾಫ್ಟ್‌ವೇರ್‌ಗಳಿವೆ, ಅಲುಗಿದ ಫೋಟೋವನ್ನು ನಿಜವಾಗಿ ಸರಿಮಾಡುವ ದಾರಿ ಇಲ್ಲ. 3200 ಬೇಕಾದರೆ 3200 ಇಡಿ. ಹಾಗೆ ನೋಡಿದರೆ ಕಾಳು ಎದ್ದು ಕಾಣುವುದು ಕತ್ತಲಾಗಿ ತೆಗೆದ ಫೋಟೋವನ್ನು ಆಮೇಲೆ ಬೆಳಗಿಸಲು ಹೋದಾಗ.

ಫೋಕಸ್ ಎಲ್ಲಿ ಇಡಬೇಕು?

ಕಣ್ಣಿನ ಮೇಲೆ. ಎರಡು ಕಣ್ಣು ಕಂಡರೆ ನಮಗೆ ಹತ್ತಿರದ ಕಣ್ಣಿನ ಮೇಲೆ. ಬಾಲ, ಕಿವಿ, ಕಾಲು ಮಸುಕಾದರೂ ನೋಡುವವರು ಕ್ಷಮಿಸುತ್ತಾರೆ, ಕಣ್ಣು ಮಸುಕಾದರೆ ಕ್ಷಮಿಸುವುದಿಲ್ಲ. ಈಚಿನ ಮಿರರ್‌ಲೆಸ್ ಕ್ಯಾಮೆರಾಗಳು ಪ್ರಾಣಿ, ಪಕ್ಷಿಗಳ ಕಣ್ಣನ್ನು ತಾವೇ ಹುಡುಕುತ್ತವೆ, ಮೆನುವಿನಲ್ಲಿ ಮನುಷ್ಯ ಎಂದು ಇದ್ದರೆ ಪ್ರಾಣಿಗೆ ಬದಲಿಸಲು ಮರೆಯಬೇಡಿ. ಹಳೆಯ ಕ್ಯಾಮೆರಾದಲ್ಲಿ ಒಂದೇ ಒಂದು ಫೋಕಸ್ ಬಿಂದು ಆರಿಸಿ ಕಣ್ಣಿನ ಮೇಲೆ ಇಡಿ. ರೆಂಬೆಗಳ ಮಧ್ಯೆ ಕುಳಿತ ಹಕ್ಕಿಗೆ ಹೊಸ ಕ್ಯಾಮೆರಾದಲ್ಲೂ ಇದೇ ಉಪಾಯ, ಇಲ್ಲದಿದ್ದರೆ ಫೋಕಸ್ ಮುಂದಿನ ಎಲೆಗೆ ಹೋಗಿ ಕೂರುತ್ತದೆ.

ಚಲಿಸುವ ಪ್ರಾಣಿಗೆ ನಿರಂತರ ಫೋಕಸ್ ಬೇಕು. ಕ್ಯಾಮೆರಾದ ಕಂಪನಿಗೆ ತಕ್ಕಂತೆ ಅದರ ಹೆಸರು ಎಎಫ್-ಸಿ ಅಥವಾ ಎಐ ಸರ್ವೋ ಎಂದು ಇರುತ್ತದೆ. ಫೋಕಸ್ ಕೆಲಸವನ್ನು ಷಟರ್ ಗುಂಡಿಯಿಂದ ತೆಗೆದು ಹಿಂಬದಿಯ ಹೆಬ್ಬೆರಳಿನ ಗುಂಡಿಗೆ ಕೊಟ್ಟರೆ ಇನ್ನೂ ಆರಾಮ. ಮೊದಲ ವಾರ ಬೆರಳು ಒದ್ದಾಡುತ್ತದೆ, ಆಮೇಲೆ ಬೇರೆ ರೀತಿ ತೆಗೆಯಲು ಮನಸ್ಸೇ ಬರುವುದಿಲ್ಲ.

ಕಪ್ಪು ನಾಯಿ ಬೂದು ಬಣ್ಣ ಬರುತ್ತದೆ, ಬೆಳ್ಳಕ್ಕಿ ಬರೀ ಬಿಳಿ ಮಚ್ಚೆ. ಕ್ಯಾಮೆರಾ ಕೆಟ್ಟಿದೆಯಾ?

ಇಲ್ಲ. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಕಂಡದ್ದನ್ನೆಲ್ಲ ನಡುವಿನ ಬೂದಿಗೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪು ನಾಯಿ ಇದ್ದರೆ ‘ಅಯ್ಯೋ ಕತ್ತಲು’ ಎಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ. ಮೀಟರಿನ ಲೆಕ್ಕಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು ಮೈನಸ್ 1ರ ಹತ್ತಿರ ಇಳಿಸಿದರೆ ಕಪ್ಪು ಕಪ್ಪಾಗಿಯೇ ಬರುತ್ತದೆ. ಚೌಕಟ್ಟು ತುಂಬಿದ ಬಿಳಿ ಬೆಕ್ಕಿಗೆ ಇದರ ಉಲ್ಟಾ, ಪ್ಲಸ್ ಕಡೆಗೆ. ಹಾಗಾದರೆ ಬೆಳ್ಳಕ್ಕಿ ಯಾಕೆ ಬಿಳಿಚುತ್ತದೆ? ಅದು ಚೌಕಟ್ಟಿನ ಮೂಲೆಯಷ್ಟು ಮಾತ್ರ ಇದ್ದು, ಸುತ್ತಲೂ ಕಪ್ಪು ನೀರು ಅಥವಾ ದಟ್ಟ ಹಸಿರು ಇರುತ್ತದೆ. ಮೀಟರ್ ಆ ಕಪ್ಪನ್ನು ನೋಡಿ ಬೆಳಕು ಏರಿಸಿದಾಗ ಗರಿಯ ವಿವರವೆಲ್ಲ ಅಳಿಸಿಹೋಗುತ್ತದೆ. ಇಲ್ಲಿ ಬೇಕಾದದ್ದು ಮೈನಸ್. ಅಂದರೆ ಪ್ರಾಣಿಯ ಬಣ್ಣ ಮಾತ್ರ ನೋಡಿದರೆ ಸಾಲದು, ಚೌಕಟ್ಟಿನಲ್ಲಿ ಯಾವ ಬಣ್ಣ ಜಾಸ್ತಿ ಇದೆ ಎಂದೂ ನೋಡಬೇಕು. ಗೊಂದಲವಾದರೆ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟಿದೆ ಎಂದು ತೋರಿಸುವ ಗ್ರಾಫ್) ನೋಡಿ, ಬಲಗಡೆಯ ಗೋಡೆಗೆ ಒತ್ತಿಕೊಂಡಿದ್ದರೆ ಬಿಳಿ ಹೋಯಿತು ಎಂದೇ ಅರ್ಥ.

ಕಪ್ಪು ಪ್ರಾಣಿಯನ್ನು ನೆತ್ತಿ ಬಿಸಿಲಿನಲ್ಲಿ ತೆಗೆಯಲೇಬೇಡಿ. ಮೋಡದ ದಿನ ಅಥವಾ ಬಾಗಿಲ ಬಳಿಯ ನೆರಳಿನಲ್ಲಿ ಕೂರಿಸಿ, ಕೂದಲಿನ ಹೊಳಪು ಆಗ ಕಾಣುತ್ತದೆ.

ಎಲ್ಲ ಸೆಟ್ಟಿಂಗ್ ಸರಿ ಇದೆ. ಆದರೂ ಫೋಟೋ ಸಪ್ಪೆ ಅನಿಸುತ್ತದೆ...

ನೀವು ನಿಂತುಕೊಂಡು ತೆಗೆಯುತ್ತಿದ್ದೀರಿ, ಅಲ್ವಾ? ಕೆಳಗೆ ಕೂರಿ. ಅದೂ ಸಾಲದಿದ್ದರೆ ಮಲಗಿ. ಲೆನ್ಸ್ ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಬಂದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಒಂದು, ನಾವು ಮೇಲಿನಿಂದ ನೋಡಿದಾಗ ಕಾಣುವ ಬೆನ್ನು ಮತ್ತು ನೆತ್ತಿಯ ಬದಲು ಮುಖ ಕಾಣುತ್ತದೆ. ಇನ್ನೊಂದು, ನಿಂತು ತೆಗೆದಾಗ ಪ್ರಾಣಿಯ ಹಿಂದೆ ಇರುವುದು ಒಂದು ಅಡಿ ದೂರದ ನೆಲ. ಕೆಳಗೆ ಮಲಗಿದರೆ ಅದರ ಹಿಂದೆ ಇರುವುದು ಎಲ್ಲೋ ದೂರದ ಬೇಲಿ ಅಥವಾ ಮರಗಳ ಸಾಲು, ಅದು ತಾನೇ ತಾನಾಗಿ ಮಸುಕಾಗುತ್ತದೆ. ಹಿನ್ನೆಲೆ ಚೆನ್ನಾಗಿಲ್ಲವೆಂದು ದುಬಾರಿ ಲೆನ್ಸ್ ಹುಡುಕುವವರು ಮೊದಲು ಮೊಣಕಾಲೂರಿ ನೋಡಲಿ.

ಹಿನ್ನೆಲೆಯ ಬಗ್ಗೆ ಇನ್ನೊಂದು ಮಾತು. ನಾಯಿಯ ತಲೆಯಿಂದ ಕಂಬ ಎದ್ದಂತೆ, ಹಕ್ಕಿಯ ಕೊಕ್ಕಿಗೆ ಕಡ್ಡಿ ಚುಚ್ಚಿದಂತೆ ಬಂದ ಫೋಟೋಗಳು ಎಲ್ಲರ ಹತ್ತಿರವೂ ಇರುತ್ತವೆ. ಪ್ರಾಣಿಯನ್ನು ಕಂಡ ಖುಷಿಯಲ್ಲಿ ಕಣ್ಣು ಬೇರೇನನ್ನೂ ನೋಡುವುದಿಲ್ಲ. ಅರ್ಧ ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ ಸಾಕು, ಕಂಬ ಹೋಗುತ್ತದೆ. ಮುಂದೆ ಜಾಗ ಬಿಡುವುದನ್ನೂ ಮರೆಯಬೇಡಿ, ಪ್ರಾಣಿ ಯಾವ ಕಡೆ ನೋಡುತ್ತಿದೆಯೋ ಆ ಕಡೆ ಜಾಸ್ತಿ ಜಾಗ. ಕಾಲು, ಬಾಲ, ಕಿವಿಯ ತುದಿ ಕತ್ತರಿಸಬೇಡಿ. ಕತ್ತರಿಸುವುದಾದರೆ ಬೇಕೆಂದೇ ಕತ್ತರಿಸಿದಂತೆ ಧಾರಾಳವಾಗಿ ಕತ್ತರಿಸಿ.

ಬೆಳಕು ಯಾವಾಗ ಚೆನ್ನಾಗಿರುತ್ತದೆ?

ಸೂರ್ಯ ಹುಟ್ಟಿದ ಮೊದಲ ಗಂಟೆ, ಮುಳುಗುವ ಮುಂಚಿನ ಗಂಟೆ. ಪುಣ್ಯಕ್ಕೆ ಬಹಳಷ್ಟು ಪ್ರಾಣಿಗಳು ಚುರುಕಾಗಿರುವುದೂ ಆಗಲೇ. ಕಣ್ಣಿನಲ್ಲಿ ಬೆಳಕಿನ ಚುಕ್ಕೆಯೊಂದು ಹೊಳೆಯುವಂತೆ ನಿಲ್ಲಿ, ಅದಿಲ್ಲದಿದ್ದರೆ ಬದುಕಿರುವ ಪ್ರಾಣಿಯೂ ಬೊಂಬೆಯಂತೆ ಕಾಣುತ್ತದೆ. ಸೂರ್ಯ ನಿಮ್ಮ ಬೆನ್ನಿಗೇ ಇರಬೇಕು ಎಂಬ ನಿಯಮವನ್ನು ಆಗಾಗ ಮುರಿಯಿರಿ. ಎದುರು ಬೆಳಕಿನಲ್ಲಿ ಕೂದಲಿನ ಅಂಚು ಹೊತ್ತಿಕೊಂಡಂತೆ ಹೊಳೆಯುತ್ತದೆ, ಆನೆಯ ಸುತ್ತ ಎದ್ದ ಧೂಳೂ ಬಂಗಾರದಂತೆ ಕಾಣುತ್ತದೆ.

ಕಾಡುಪ್ರಾಣಿ, ಹಕ್ಕಿಗಳ ಹತ್ತಿರ ಹೋಗೋದು ಹೇಗೆ?

ಹೋಗಬೇಡಿ, ಅದೇ ಬರಲಿ. ಇದು ಉಪದೇಶವಲ್ಲ, ಫೋಟೋ ದೃಷ್ಟಿಯಿಂದಲೇ ಹೇಳುತ್ತಿದ್ದೇನೆ. ನೀವು ಬೆನ್ನಟ್ಟಿದರೆ ಸಿಗುವುದು ಓಡಿಹೋಗುವ ಪ್ರಾಣಿಯ ಹಿಂಭಾಗ. ನೀವು ಕುಳಿತಿದ್ದಾಗ ಅದಾಗಿಯೇ ಬಂದರೆ ಮುಖ ಸಿಗುತ್ತದೆ, ಅದರ ಸಹಜ ಓಡಾಟವೂ ಸಿಗುತ್ತದೆ.

ಅದಕ್ಕೆ ಒಂದೇ ಜಾತಿಯನ್ನು ಹಿಡಿದು ನೋಡುವುದು ಒಳ್ಳೆಯದು. ಕಳ್ಳಿಪೀರವನ್ನೇ ತೆಗೆದುಕೊಳ್ಳಿ. ಅದು ಒಂದು ಬೋಳು ಕಡ್ಡಿಯ ಮೇಲೆ ಕೂರುತ್ತದೆ, ತಟ್ಟನೆ ಹಾರಿ ಗಾಳಿಯಲ್ಲೇ ಹುಳ ಹಿಡಿಯುತ್ತದೆ, ತಿರುಗಿ ಅನೇಕ ಸಲ ಅದೇ ಕಡ್ಡಿಗೆ ಬರುತ್ತದೆ. ಬಂದ ಮೇಲೆ ಹುಳವನ್ನು ಕಡ್ಡಿಗೆ ಪಟಪಟ ಬಡಿಯುತ್ತದೆ, ಜೇನುನೊಣವಾದರೆ ಉಜ್ಜಿ ಕೊಂಡಿಯ ವಿಷ ತೆಗೆಯುತ್ತದೆ, ಆಮೇಲೆ ಮೇಲಕ್ಕೆಸೆದು ನುಂಗುತ್ತದೆ. ಇದು ಗೊತ್ತಿಲ್ಲದವರು ಹಾರಿದ ಹಕ್ಕಿಯ ಹಿಂದೆ ಲೆನ್ಸ್ ತಿರುಗಿಸುತ್ತಾ ಇರುತ್ತಾರೆ. ಗೊತ್ತಿದ್ದವರು ಕಡ್ಡಿಗೇ ಫೋಕಸ್ ಇಟ್ಟು, ಹಿನ್ನೆಲೆ ಚೊಕ್ಕವಿರುವ ಕಡೆ ಕುಳಿತು, ಅದು ಹುಳ ಕಚ್ಚಿಕೊಂಡು ಬರುವುದನ್ನೇ ಕಾಯುತ್ತಾರೆ. ಕಾಜಾಣದ್ದೂ, ಎಷ್ಟೋ ಮಿಂಚುಳ್ಳಿಗಳದ್ದೂ ಹೀಗೆಯೇ ಒಂದು ಮೆಚ್ಚಿನ ಜಾಗ ಇರುತ್ತದೆ.

ಹಾರುವ ಮುನ್ನ ಹಕ್ಕಿ ಸುಳಿವು ಕೊಡುತ್ತದೆ. ಮೈ ಮುಂದಕ್ಕೆ ಬಾಗುತ್ತದೆ, ಕಾಲು ತುಸು ಮಡಚುತ್ತದೆ, ಹದ್ದು ಗಿಡುಗಗಳು ಅನೇಕ ಸಲ ಹಿಕ್ಕೆ ಹಾಕಿ ಹಗುರಾಗುತ್ತವೆ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಹಾರುತ್ತವೆ, ಇಳಿಯುವುದೂ ಗಾಳಿಗೆ ಎದುರಾಗಿಯೇ. ಹಾಗಾಗಿ ಗಾಳಿ ನಿಮ್ಮ ಬೆನ್ನಿಗೆ ಬಡಿಯುವಂತೆ ನಿಂತರೆ ಹಕ್ಕಿ ನಿಮ್ಮ ಕಡೆಗೆ ಮುಖ ಮಾಡಿ ಏಳುತ್ತದೆ. ವಾಸನೆ ಹಿಡಿಯುವ ಪ್ರಾಣಿಗಳಿಗೆ ಇದು ಉಲ್ಟಾ. ಜಿಂಕೆಯ ವಿಷಯದಲ್ಲಿ ಗಾಳಿ ಅದರ ಕಡೆಯಿಂದ ನಿಮ್ಮ ಕಡೆಗೆ ಬೀಸುತ್ತಿರಬೇಕು.

ಮೇಯುತ್ತಿದ್ದ ಪ್ರಾಣಿ ಮೇಯುವುದು ಬಿಟ್ಟು ತಲೆಯೆತ್ತಿ ನಿಮ್ಮನ್ನೇ ನೋಡಿತೆಂದರೆ ನೀವು ಜಾಸ್ತಿ ಹತ್ತಿರವಾಗಿದ್ದೀರಿ. ಅಲ್ಲೇ ನಿಲ್ಲಿ, ಬೇಕಿದ್ದರೆ ಹಿಂದಕ್ಕೆ ಸರಿಯಿರಿ. ನೇರವಾಗಿ ನಡೆಯಬೇಡಿ, ನೇರ ನೋಟವನ್ನೂ ನೆಡಬೇಡಿ, ಅವುಗಳ ಪಾಲಿಗೆ ಅದು ಬೇಟೆಗಾರನ ನಡಿಗೆ. ಕಾರಿನಲ್ಲಿದ್ದರೆ ಇಳಿಯದಿರುವುದೇ ವಾಸಿ, ಎಷ್ಟೋ ಪ್ರಾಣಿಗಳು ಕಾರಿಗಿಂತ ನಡೆಯುವ ಮನುಷ್ಯನಿಗೆ ಹೆಚ್ಚು ಹೆದರುತ್ತವೆ. ಕಿಟಕಿಯ ಮೇಲೆ ಕಾಳು ತುಂಬಿದ ಚೀಲವಿಟ್ಟು ಅದರ ಮೇಲೆ ಲೆನ್ಸ್ ಇಡಿ, ಎಂಜಿನ್ ಆಫ್ ಮಾಡಿ.

ನನ್ನ ನಾಯಿ ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತದೆ!

ಅದರ ಪಾಲಿಗೆ ಲೆನ್ಸ್ ಎಂದರೆ ದುರುಗುಟ್ಟಿ ನೋಡುವ ದೊಡ್ಡ ಕಣ್ಣು. ಕೆಲವು ದಿನ ಕ್ಯಾಮೆರಾವನ್ನು ನೆಲದ ಮೇಲಿಟ್ಟು ಮೂಸಲು ಬಿಡಿ, ಫೋಟೋ ತೆಗೆಯದೆಯೇ ತಿಂಡಿ ಕೊಡಿ. ವಿಚಿತ್ರ ಸದ್ದು ಮಾಡಿದರೆ ಕಿವಿ ನಿಮಿರಿಸಿ ತಲೆ ವಾಲಿಸುತ್ತದೆ ನಿಜ, ಆದರೆ ಒಂದೇ ಸದ್ದು ಎರಡು ಮೂರು ಸಲಕ್ಕೆ ಹಳತಾಗುತ್ತದೆ. ಮೊದಲು ಕ್ಯಾಮೆರಾ ಸಿದ್ಧ ಮಾಡಿಕೊಂಡು, ಆಮೇಲೆ ಸದ್ದು ಮಾಡಿ. ಪದೇ ಪದೇ ತುಟಿ ನೆಕ್ಕುತ್ತಿದ್ದರೆ, ನಿದ್ದೆ ಇಲ್ಲದೆಯೂ ಆಕಳಿಸುತ್ತಿದ್ದರೆ, ಕಿವಿ ಹಿಂದಕ್ಕೆ ಒತ್ತಿದ್ದರೆ ಅದಕ್ಕೆ ಸಾಕಾಗಿದೆ, ನಿಲ್ಲಿಸಿ. ಬೆಕ್ಕಿಗೆ ಹೇಳಿ ಕೇಳಿಸುವುದು ಆಗದ ಮಾತು. ಅದು ದಿನಾ ಬಿಸಿಲು ಕಾಯಿಸುವ ಕಿಟಕಿಯ ಬಳಿ ನೀವೇ ಹೋಗಿ ಕೂರಿ.

ಮೃಗಾಲಯದಲ್ಲಿ ಬಲೆ, ಗಾಜು ಅಡ್ಡ ಬರುತ್ತದೆ. ಏನು ಮಾಡಲಿ?

ಬಲೆಯನ್ನು ಮಾಯ ಮಾಡಬಹುದು. ಲೆನ್ಸ್ ಅನ್ನು ಬಲೆಗೆ ಆದಷ್ಟು ಹತ್ತಿರ ತನ್ನಿ, ಪೂರ್ತಿ ಜೂಮ್ ಮಾಡಿ, ಅಪರ್ಚರ್ ಪೂರ್ತಿ ತೆರೆಯಿರಿ, ಪ್ರಾಣಿ ಬಲೆಯಿಂದ ದೂರ ಹೋಗುವವರೆಗೆ ಕಾಯಿರಿ. ಬಲೆಯ ಮೇಲೆ ಬಿಸಿಲು ಬಿದ್ದಿರುವ ಜಾಗ ಬೇಡ, ನೆರಳಿರುವ ಕಡೆ ಹುಡುಕಿ. ನಿಮಗಾಗಿ ಹಾಕಿರುವ ತಡೆಯನ್ನು ಮಾತ್ರ ದಾಟಬೇಡಿ. ಗಾಜಾದರೆ ಲೆನ್ಸ್‌ನ ಬಾಯಿಗೆ ಹಾಕುವ ರಬ್ಬರ್ ಹುಡ್ ಅನ್ನು ಗಾಜಿಗೇ ಒತ್ತಿ ಹಿಡಿಯಿರಿ, ಪ್ರತಿಫಲನ ಬರುವುದಿಲ್ಲ. ಕಪ್ಪು ಬಟ್ಟೆ ಹಾಕಿಕೊಂಡು ಹೋದರೆ ನಿಮ್ಮದೇ ಬಿಂಬ ಬೀಳುವುದೂ ಕಡಿಮೆ. ಫ್ಲ್ಯಾಶ್ ಬೇಡ, ಗಾಜಿನಲ್ಲಿ ಅದೇ ಬಂದು ಕೂರುತ್ತದೆ.

ಕತ್ತಲಲ್ಲಿ ಕಣ್ಣು ಹಸಿರಾಗಿ ಹೊಳೆಯುತ್ತದಲ್ಲ?

ನಾಯಿ, ಬೆಕ್ಕು, ಜಿಂಕೆಗಳ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಪದರವೊಂದಿದೆ. ಲೆನ್ಸ್‌ನ ಪಕ್ಕದಿಂದಲೇ ಫ್ಲ್ಯಾಶ್ ಹೊಡೆದರೆ ಬೆಳಕು ನೇರ ವಾಪಸ್ ಬರುತ್ತದೆ. ಮನೆಯೊಳಗೆ ಫ್ಲ್ಯಾಶ್ ಅನ್ನು ಸೂರಿನ ಕಡೆ ತಿರುಗಿಸಿದರೆ ಸರಿಹೋಗುತ್ತದೆ. ಕಾಡಿನ ರಾತ್ರಿ ಪ್ರಾಣಿಗಳಿಗೆ, ಗೂಬೆಗಳಿಗೆ ಹೊಡೆಯದಿರುವುದೇ ಒಳ್ಳೆಯದು.

ಗೂಡಿನ ಫೋಟೋ ತೆಗೆಯಬಹುದಾ? ಕಾಳು ಹಾಕಿ, ಕೂಗು ಕೇಳಿಸಿ ಕರೆಯಬಹುದಾ?

ಗೂಡು ಬೇಡ. ಅಡ್ಡವಿದ್ದ ಎಲೆ ಸರಿಸಿದರೆ ಕಾಗೆಗೂ ದಾರಿ ಮಾಡಿಕೊಟ್ಟಂತೆ. ತಾಯಿ ಹಕ್ಕಿ ನಿಮಗೆ ಹೆದರಿ ದೂರವಿದ್ದಷ್ಟೂ ಹೊತ್ತು ಮೊಟ್ಟೆ ತಣ್ಣಗಾಗುತ್ತದೆ. ಮೊಬೈಲ್‌ನಲ್ಲಿ ಕೂಗು ಕೇಳಿಸಿದರೆ ಗಂಡು ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದಿದೆ ಎಂದುಕೊಂಡು ಉಣ್ಣುವುದು ಬಿಟ್ಟು ಜಗಳಕ್ಕೆ ಬರುತ್ತದೆ, ಅದನ್ನು ಹತ್ತು ಜನ ದಿನಾ ಮಾಡಿದರೆ ಹಕ್ಕಿಯ ಗತಿ ಏನು? ಅಂಗಳದಲ್ಲಿ ಕಾಳು, ನೀರು ಇಡುವುದಕ್ಕೆ ನನ್ನ ತಕರಾರಿಲ್ಲ, ಪಾತ್ರೆ ತೊಳೆಯುತ್ತಿರಬೇಕು ಅಷ್ಟೇ. ಬೇಟೆಪ್ರಾಣಿಗಳಿಗೆ ಆಹಾರ ತೋರಿಸಿ ಕರೆಯುವುದು ಬೇಡವೇ ಬೇಡ. ಅಪರೂಪದ ಪ್ರಾಣಿ ಸಿಕ್ಕರೆ ಫೋಟೋ ಹಾಕುವ ಮೊದಲು ಅದರಲ್ಲಿನ ಲೊಕೇಶನ್ ಮಾಹಿತಿ ತೆಗೆದುಹಾಕಿ.

ಅಡ್ಡದಾರಿ ಹಿಡಿದರೆ ದೊಡ್ಡ ಸ್ಪರ್ಧೆಗಳೂ ಬಿಡುವುದಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದ, ಗೇಟು ಹಾರುವ ತೋಳದ ಫೋಟೋವನ್ನು ಅದು ಪಳಗಿಸಿದ ತೋಳ ಇರಬಹುದೆಂದು 2010ರಲ್ಲಿ ಹೊರಗಿಟ್ಟರು. 2017ರಲ್ಲಿ ಗೆದ್ದ ಫೋಟೋ ಒಂದರಲ್ಲಿ ಇದ್ದ ಇರುವೆಭಕ್ಷಕ, ಚರ್ಮಕ್ಕೆ ತುಂಬಿಟ್ಟ ಬೊಂಬೆ ಎಂದು ತಜ್ಞರು ಹೇಳಿದ್ದರಿಂದ ಮರುವರ್ಷ ಅದೂ ಹೋಯಿತು. ತೆಗೆದವರು ಇಬ್ಬರೂ ಅದನ್ನು ಒಪ್ಪಲಿಲ್ಲ, ಅದು ಬೇರೆ ಮಾತು.

ಹುಳು, ಚಿಟ್ಟೆಗಳಿಗೆ ಏನಾದರೂ ಉಪಾಯ?

ಬೆಳಿಗ್ಗೆ ಬೇಗ ಹೋಗಿ. ಮೈ ಬೆಚ್ಚಗಾಗುವವರೆಗೆ ಅವು ಹಾರಲಾರವು, ಇಬ್ಬನಿಯೂ ಇರುತ್ತದೆ. ರೆಕ್ಕೆ ಬಿಚ್ಚಿದ ಚಿಟ್ಟೆಗೆ ನಿಮ್ಮ ಲೆನ್ಸ್ ಸರಿಯಾಗಿ ಎದುರಾಗಿರಲಿ, ಓರೆಯಾದರೆ ಒಂದು ರೆಕ್ಕೆ ಮಸುಕಾಗುತ್ತದೆ. ಏರೋಪ್ಲೇನ್ ಚಿಟ್ಟೆ ಹಾರುವಾಗ ಎಲೆಕ್ಟ್ರಾನಿಕ್ ಷಟರ್ ಬಳಸಿದರೆ ಹಲವು ಕ್ಯಾಮೆರಾಗಳಲ್ಲಿ ರೆಕ್ಕೆ ಸೊಟ್ಟಗೆ ಬರುತ್ತದೆ, ಸೆನ್ಸರ್ ಸಾಲು ಸಾಲಾಗಿ ಓದುವುದೇ ಕಾರಣ. ಮೆಕ್ಯಾನಿಕಲ್‌ಗೆ ಬದಲಿಸಿ.

ಎಡಿಟಿಂಗ್ ಎಷ್ಟು ಮಾಡಬಹುದು?

ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಕಡತ) ತೆಗೆಯಿರಿ, ಬೆಳಕು ಬಣ್ಣ ತಿದ್ದಲು ಜಾಗ ಇರುತ್ತದೆ. ಕ್ರಾಪ್, ಎಕ್ಸ್‌ಪೋಷರ್, ನಾಯ್ಸ್ ಇಷ್ಟಕ್ಕೆ ನಾನು ನಿಲ್ಲಿಸುತ್ತೇನೆ. ಹಸಿರನ್ನು ಕಣ್ಣು ಕುಕ್ಕುವಷ್ಟು ಏರಿಸಬೇಡಿ, ಕಣ್ಣಿನ ಬಿಳಿಯನ್ನು ಬೆಳಗಿಸಲು ಹೋಗಬೇಡಿ. ಇಲ್ಲದ ಹಕ್ಕಿಯನ್ನು, ಇಲ್ಲದ ಮಂಜನ್ನು ಎಐಯಿಂದ ಸೇರಿಸಿದರೆ ಅದು ಚಿತ್ರವೇ ಹೊರತು ಫೋಟೋ ಅಲ್ಲ, ಹಾಗೆಂದು ಹೇಳಿಬಿಡಿ.

ಬರ್ಸ್ಟ್‌ನಲ್ಲಿ (ಒಂದರ ಹಿಂದೊಂದು ಸರಸರನೆ) ತೆಗೆದು ಹಾರ್ಡ್ ಡಿಸ್ಕ್ ತುಂಬಿದೆ. ಯಾವುದನ್ನು ಅಳಿಸಲಿ?

ಮೊದಲ ಸುತ್ತಿನಲ್ಲಿ ಕಣ್ಣು ಮಸುಕಾದವೆಲ್ಲ ಹೋಗಲಿ, ಯೋಚಿಸಬೇಡಿ. ಎರಡನೇ ಸುತ್ತಿನಲ್ಲಿ ಒಂದೇ ಸರಣಿಯ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ತಲೆ ನಿಮ್ಮ ಕಡೆ ತುಸು ತಿರುಗಿದ್ದು, ರೆಕ್ಕೆ ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ಇರುವುದು, ಓಟದಲ್ಲಿ ನಾಲ್ಕೂ ಕಾಲು ಕಾಣುವುದು, ಇಂಥದ್ದನ್ನು ಉಳಿಸಿಕೊಳ್ಳಿ. ಒಂದು ಸರಣಿಗೆ ಒಂದು, ಬಹಳವೆಂದರೆ ಎರಡು. ಉಳಿದವನ್ನು ಒಂದು ವಾರ ಬಿಟ್ಟು ಅಳಿಸಿ. ಅದೇ ದಿನ ಕೂತರೆ ಬಿಸಿಲಲ್ಲಿ ಕಾದ ಕಷ್ಟ ನೆನಪಾಗಿ ಯಾವುದನ್ನೂ ಅಳಿಸಲು ಮನಸ್ಸಾಗುವುದಿಲ್ಲ.